ಪೂರ್ತಿ ಎಲೆಕ್ಟ್ರಿಷಿಯನ್ ಆಗದೆ ವೈರು ಬಿಚ್ಚಿ ಕಟ್ಟಲು ಅನುಮತಿ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ರಿಸ್ಟ್ರಿಕ್ಟೆಡ್ ಲೈಸೆನ್ಸ್ ಪಡೆಯುವುದು ಹೇಗೆ?

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಎಸಿ ಮೆಕ್ಯಾನಿಕ್ ಮನೆಗೆ ಬಂದರೆ ಗ್ಯಾಸೂ ಅವನದೇ, ವೈರೂ ಅವನದೇ. ಹೊರಗಿನ ಯೂನಿಟ್ಟಿನ ಮುಚ್ಚಳ ತೆಗೆಯುತ್ತಾನೆ, ವೈರು ಬಿಚ್ಚುತ್ತಾನೆ, ಹೊಸ ಕೆಪಾಸಿಟರ್ ಕೂರಿಸಿ ಮತ್ತೆ ಕಟ್ಟಿ ಹೋಗುತ್ತಾನೆ. ವೈರ್‌ಮನ್ ಪರ್ಮಿಟ್ ಇದೆಯೇನಪ್ಪಾ ಅಂತ ಯಾರೂ ಕೇಳುವುದಿಲ್ಲ. ಅದೇ ಮೆಕ್ಯಾನಿಕ್ ಬ್ರಿಸ್ಬೇನಿಗೆ ಬಂದು, ಲೈಸೆನ್ಸ್ ಇಲ್ಲದೆ ಅದೇ ಕೆಪಾಸಿಟರ್ ಬದಲಿಸಿದರೆ ಕಾನೂನು ಮುರಿದಂತಾಗುತ್ತದೆ. ಹಾಗಂತ ಒಂದು ಕೆಪಾಸಿಟರಿಗೋಸ್ಕರ ನಾಲ್ಕು ವರ್ಷದ ಎಲೆಕ್ಟ್ರಿಷಿಯನ್ ಅಪ್ರೆಂಟಿಸ್‌ಶಿಪ್ ಮಾಡಬೇಕಾಗಿಲ್ಲ. ಇಂಥವರಿಗೆಂದೇ ಇರುವುದು ರಿಸ್ಟ್ರಿಕ್ಟೆಡ್ ಎಲೆಕ್ಟ್ರಿಕಲ್ ವರ್ಕ್ ಲೈಸೆನ್ಸ್. ಸೈಟಿನಲ್ಲಿ ಎಲ್ಲರೂ ‘ರಿಸ್ಟ್ರಿಕ್ಟೆಡ್’ ಅಂತಲೋ ‘ಡಿಸ್ಕನೆಕ್ಟ್-ರೀಕನೆಕ್ಟ್’ ಅಂತಲೋ ಕರೆಯುತ್ತಾರೆ.

ಆಸ್ಟ್ರೇಲಿಯಾದಲ್ಲಿ ಎಲೆಕ್ಟ್ರಿಕಲ್ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಹೆಸರು, ಫಾರ್ಮು, ಷರತ್ತು ಎಲ್ಲವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎಲ್ಲವನ್ನೂ ಒಂದೇ ಕಡೆ ಹೇಳಲು ಹೋದರೆ ಗೊಂದಲವೇ ಜಾಸ್ತಿ. ಅದಕ್ಕೇ ಇಲ್ಲಿ ಕ್ವೀನ್ಸ್‌ಲ್ಯಾಂಡ್ ಒಂದನ್ನೇ ಹಿಡಿದುಕೊಂಡಿದ್ದೇನೆ. ಬೇರೆ ರಾಜ್ಯಗಳ ಮಾತು ಕೊನೆಯಲ್ಲಿ ಸ್ವಲ್ಪ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಲೈಸೆನ್ಸಿನಲ್ಲಿ ಕೋರ್ಸ್ ಕಷ್ಟದ ಭಾಗವಲ್ಲ. ಕಷ್ಟದ ಭಾಗ ಕೆಲಸ ಕೊಡುವ ಕಂಪನಿ, ಪಕ್ಕದಲ್ಲಿ ನಿಂತು ಕಲಿಸುವ ಎಲೆಕ್ಟ್ರಿಷಿಯನ್, ಅವನ ಸಹಿ. ಇದನ್ನು ತಿಳಿಯದೆ ಮೊದಲು ಕೋರ್ಸಿಗೆ ದುಡ್ಡು ಕಟ್ಟಿ, ಆಮೇಲೆ ಸಹಿಗಾಗಿ ಅಲೆಯುವವರೇ ಹೆಚ್ಚು.

ಯಾವ ಕೆಲಸಕ್ಕೆ ಲೈಸೆನ್ಸ್ ಬೇಕು, ಯಾವುದಕ್ಕೆ ಬೇಡ

ಕ್ವೀನ್ಸ್‌ಲ್ಯಾಂಡಿನ ಎಲೆಕ್ಟ್ರಿಕಲ್ ಸೇಫ್ಟಿ ಆ್ಯಕ್ಟ್ 2002ರ ಕಾಯ್ದೆ. ಅದರ ಜೊತೆಗೆ 2013ರ ರೆಗ್ಯುಲೇಶನ್ ಇದೆ. ಜಾರಿ ಮಾಡುವುದು ಎಲೆಕ್ಟ್ರಿಕಲ್ ಸೇಫ್ಟಿ ಆಫೀಸ್. ಕಾಯ್ದೆಯ ಪ್ರಕಾರ ಎಲೆಕ್ಟ್ರಿಕಲ್ ಕೆಲಸ ಅಂದರೆ ಹೊಸ ವೈರಿಂಗ್ ಮಾತ್ರ ಅಲ್ಲ. ಉಪಕರಣವನ್ನು ಕೂರಿಸುವುದು, ಟೆಸ್ಟ್ ಮಾಡುವುದು, ರಿಪೇರಿ, ಬದಲಿಸುವುದು, ಕಿತ್ತು ತೆಗೆಯುವುದು ಎಲ್ಲವೂ ಅದರೊಳಗೇ ಬರುತ್ತವೆ.

ಕೆಲವಕ್ಕೆ ವಿನಾಯಿತಿ ಇದೆ. ಪ್ಲಗ್ ಚುಚ್ಚಿ ಯಂತ್ರ ಓಡಿಸಲು ಲೈಸೆನ್ಸ್ ಬೇಡ. ಬಲ್ಬ್ ಅಥವಾ ಫ್ಯೂಸ್ ಬದಲಿಸಲೂ ಬೇಡ. ಕರೆಂಟಿನ ಅಪಾಯ ಇಲ್ಲದ ಕಡೆ ಯಂತ್ರದ ಬೇರೆ ಭಾಗ ಮುಟ್ಟುವುದಕ್ಕೂ ಬೇಡ, ಉದಾಹರಣೆಗೆ ಬೆಲ್ಟ್ ಬದಲಿಸುವುದು. ಇನ್ನೊಂದು ಗಡಿ ವೋಲ್ಟೇಜಿನದು. ಎಸಿ ಕರೆಂಟಾದರೆ (ಮನೆಗೆ ಬರುವ ಮೇನ್ಸ್ ಕರೆಂಟಿನಂಥದು) 50 ವೋಲ್ಟ್, ಡಿಸಿ ಕರೆಂಟಾದರೆ (ಬ್ಯಾಟರಿಯದರಂಥದು) 120 ವೋಲ್ಟ್ ದಾಟದ್ದು ‘ಎಕ್ಸ್‌ಟ್ರಾ ಲೋ ವೋಲ್ಟೇಜ್’. ಹಾಗಾಗಿ 24 ವೋಲ್ಟಿನ ಥರ್ಮೋಸ್ಟಾಟ್ ವೈರಿಗೆ ಈ ಲೈಸೆನ್ಸ್ ಬೇಡ. ಆದರೆ ಆ 24 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿಗೆ 230 ವೋಲ್ಟ್ ಇರುತ್ತದೆ, ಅಲ್ವಾ? ಅಲ್ಲಿಂದ ಲೈಸೆನ್ಸ್ ಬೇಕು.

ರಿಸ್ಟ್ರಿಕ್ಟೆಡ್ ಅಂದರೆ ಎಷ್ಟು

ನಿಮ್ಮ ಮೂಲ ಕಸುಬಿಗೆ ಅಂಟಿಕೊಂಡೇ ಬರುವ ಎಲೆಕ್ಟ್ರಿಕಲ್ ಕೆಲಸ, ಅಷ್ಟೇ. ಪ್ಲಂಬರ್ ಬಿಸಿನೀರಿನ ಟ್ಯಾಂಕ್ ಬದಲಿಸುವಾಗ ಹಳೆಯದರ ವೈರು ಬಿಚ್ಚಿ ಹೊಸದಕ್ಕೆ ಕಟ್ಟಬೇಕು. ಎಸಿ ಮೆಕ್ಯಾನಿಕ್ ಕಂಪ್ರೆಸರ್ ಬದಲಿಸಬೇಕು. ಫ್ಯಾಕ್ಟರಿಯ ಫಿಟ್ಟರ್ ಪಂಪಿನ ಮೋಟಾರ್ ಇಳಿಸಬೇಕು. ಇವರೆಲ್ಲ ಪ್ರತಿ ಸಲವೂ ಎಲೆಕ್ಟ್ರಿಷಿಯನ್‌ಗೆ ಕಾಯುವುದು ಆಗದ ಮಾತು.

ಸಾಮಾನ್ಯವಾಗಿ ಸಿಗುವುದು ಎರಡು ಬಗೆಯ ಅನುಮತಿ. ಒಂದು, ಈಗಾಗಲೇ ಇರುವ ಸರ್ಕ್ಯೂಟಿನಿಂದ ಉಪಕರಣ ಬಿಚ್ಚಿ, ಅದನ್ನೇ ಅಥವಾ ಅದೇ ಅಳತೆಯ ಹೊಸದನ್ನು ಮತ್ತೆ ಕಟ್ಟುವುದು. ಇನ್ನೊಂದು, ಆ ಉಪಕರಣದ ಒಳಗಿನ ಫಾಲ್ಟ್ ಹುಡುಕಿ ಸರಿಪಡಿಸುವುದು. ಯಾವ ಕಸುಬಿನ ಯಾವ ಉಪಕರಣ ಎಂಬುದನ್ನು ಲೈಸೆನ್ಸೇ ಹೇಳುತ್ತದೆ. ಎಸಿಗೆ ಪಡೆದ ಲೈಸೆನ್ಸ್ ಹಿಡಿದು ಅಡುಗೆಮನೆಯ ಓವನ್ ಬಿಚ್ಚುವಂತಿಲ್ಲ.

ಮಾಡಬಾರದ್ದು ಬಹಳ ಇದೆ. ಹೊಸ ಸರ್ಕ್ಯೂಟ್ ಎಳೆಯುವಂತಿಲ್ಲ. ಸ್ವಿಚ್‌ಬೋರ್ಡಿನ ಒಳಗೆ ಹೊಸ ಬ್ರೇಕರ್ ಕೂರಿಸುವಂತಿಲ್ಲ. ಇದ್ದ ಕೇಬಲನ್ನು ಇನ್ನೆರಡು ಮೀಟರ್ ಉದ್ದ ಮಾಡುವುದೂ ಎಲೆಕ್ಟ್ರಿಷಿಯನ್ ಕೆಲಸವೇ. ‘ಸ್ವಲ್ಪ ಆಚೆ ಇಡ್ತೀರಾ, ಅಲ್ಲಿ ಗಿಡ ಹಾಕಬೇಕು’ ಅಂತ ಮನೆಯವರು ಕೇಳುವುದೂ, ನೀವು ಪಾಪ ಅಂತ ಒಪ್ಪುವುದೂ ತೀರಾ ಸಾಮಾನ್ಯ. ಗಡಿ ದಾಟುವುದು ಹೆಚ್ಚಾಗಿ ಹೀಗೇ.

‘ಅದೇ ಅಳತೆಯದು’ ಅನ್ನುವ ಮಾತನ್ನೂ ಸಡಿಲವಾಗಿ ಓದಬೇಡಿ. ಹಳೆಯ 5 ಕಿಲೋವ್ಯಾಟ್ ಎಸಿ ತೆಗೆದು 8 ಕಿಲೋವ್ಯಾಟಿನದು ಕೂರಿಸುತ್ತಿದ್ದೀರಿ ಅನ್ನಿ. ಟರ್ಮಿನಲ್ ಅದೇ, ಐಸೊಲೇಟರ್ (ಯೂನಿಟ್ ಪಕ್ಕದ ಗೋಡೆಯ ಸ್ವಿಚ್) ಅದೇ, ಕಟ್ಟಲು ಐದೇ ನಿಮಿಷ. ಆದರೆ ಗೋಡೆಯೊಳಗಿನ ಕೇಬಲ್ ಮತ್ತು ಬೋರ್ಡಿನ ಬ್ರೇಕರ್ ಹಳೆಯ ಯಂತ್ರಕ್ಕೆ ಲೆಕ್ಕ ಹಾಕಿ ಹಾಕಿದ್ದು. ಹೊಸದು ಎಳೆಯುವ ಕರೆಂಟನ್ನು ಅವು ತಡೆಯುತ್ತವೆಯೇ ಎಂದು ನಿರ್ಧರಿಸುವುದು ನಿಮ್ಮ ಲೈಸೆನ್ಸಿನ ಕೆಲಸ ಅಲ್ಲ. ಅಲ್ಲಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಇಷ್ಟೊಂದು ಬಿಗಿ ಯಾಕೆ ಅಂತ ಹೊಸಬರಿಗೆ ಅನಿಸುತ್ತದೆ. 2009ರಲ್ಲಿ ಕೇಂದ್ರ ಸರ್ಕಾರ ಮನೆಗಳ ಅಟ್ಟಕ್ಕೆ ಬಿಸಿಲು-ಚಳಿ ತಡೆಯುವ ಇನ್ಸುಲೇಶನ್ ಹಾಕಿಸುವ ದೊಡ್ಡ ಯೋಜನೆ ತಂದಿತು. ಅದರಲ್ಲಿ ದುಡಿಯುತ್ತಿದ್ದ 4 ಯುವಕರು ಸತ್ತರು. ಮೂವರು ಸತ್ತದ್ದು ಕ್ವೀನ್ಸ್‌ಲ್ಯಾಂಡಿನಲ್ಲೇ, ಕರೆಂಟ್ ಹೊಡೆದು. ಅವರು ಎಲೆಕ್ಟ್ರಿಷಿಯನ್‌ಗಳಲ್ಲ, ಎಲೆಕ್ಟ್ರಿಕಲ್ ಕೆಲಸಕ್ಕೆಂದು ಅಟ್ಟ ಹತ್ತಿದವರೂ ಅಲ್ಲ. 2014ರಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗದ ವಿಚಾರಣೆಯೂ ನಡೆಯಿತು. ಬೇರೆ ಕಸುಬಿನವರು ಕರೆಂಟಿನ ಹತ್ತಿರ ಹೋಗುವುದನ್ನು ಇಲ್ಲಿಯವರು ಲಘುವಾಗಿ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 1: ಮೂಲ ಕಸುಬಿನ ಕಾಗದ ಗಟ್ಟಿ ಮಾಡಿಕೊಳ್ಳಿ

ಈ ಲೈಸೆನ್ಸ್ ಒಂಟಿಯಾಗಿ ಸಿಗುವುದಿಲ್ಲ. ಅದಕ್ಕೆ ಆಧಾರವಾಗಿ ಒಂದು ಕಸುಬು ಇರಲೇಬೇಕು, ಆ ಕಸುಬಿಗೆ ಈ ಕೆಲಸ ಯಾಕೆ ಬೇಕೆಂದು ತೋರಿಸಲೇಬೇಕು. ಇಲ್ಲೇ ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಇದರಲ್ಲಿ ತೊಂದರೆ ಇಲ್ಲ. ನಮ್ಮೂರಿಂದ ಬರುವವರಿಗೆ ಇದೇ ಉದ್ದದ ದಾರಿ.

ಐಟಿಐನಲ್ಲಿ ಎರಡು ವರ್ಷದ ರೆಫ್ರಿಜರೇಶನ್ ಮತ್ತು ಏರ್ ಕಂಡೀಶನಿಂಗ್ ಟ್ರೇಡ್ ಓದಿ, ಕೆಲವು ವರ್ಷ ಕೆಲಸ ಮಾಡಿದವರು ಎಂದಿಟ್ಟುಕೊಳ್ಳಿ. ಆ ಸರ್ಟಿಫಿಕೇಟನ್ನು ನೇರವಾಗಿ ತಂದು ಎಲೆಕ್ಟ್ರಿಕಲ್ ಸೇಫ್ಟಿ ಆಫೀಸಿಗೆ ತೋರಿಸಿದರೆ ಆಗುವುದಿಲ್ಲ. ವಿದೇಶದಲ್ಲಿ ಕಲಿತ ಕಸುಬನ್ನು ಅಳೆಯಲು ಟ್ರೇಡ್ಸ್ ರೆಕಗ್ನಿಶನ್ ಆಸ್ಟ್ರೇಲಿಯಾ ಎಂಬ ಕೇಂದ್ರ ಸರ್ಕಾರದ ವ್ಯವಸ್ಥೆ ಇದೆ. ಭಾರತದಿಂದ ಅರ್ಜಿ ಹಾಕುವವರು ಅವರ ಆಫ್‌ಶೋರ್ ಸ್ಕಿಲ್ಸ್ ಅಸೆಸ್ಮೆಂಟ್ ಮೂಲಕ ಹೋಗುತ್ತಾರೆ. ಮೊದಲು ಕಾಗದ ನೋಡುತ್ತಾರೆ, ಆಮೇಲೆ ಪ್ರಶ್ನೆ ಕೇಳಿ, ಕೆಲಸ ಮಾಡಿಸಿ ನೋಡುತ್ತಾರೆ.

ಲೈಸೆನ್ಸ್ ಬೇಕಾದ ಕಸುಬುಗಳಲ್ಲಿ ಅಸೆಸ್ಮೆಂಟ್ ಪಾಸಾದರೂ ಕೈಗೆ ಸಿಗುವುದು ಪೂರ್ತಿ ಸರ್ಟಿಫಿಕೇಟ್ ಅಲ್ಲ, ಆಫ್‌ಶೋರ್ ಟೆಕ್ನಿಕಲ್ ಸ್ಕಿಲ್ಸ್ ರೆಕಾರ್ಡ್. ಎಸಿ ಮೆಕ್ಯಾನಿಕ್ ಅಂಥ ಕಸುಬು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಇಲ್ಲಿಯ ನಿಯಮ, ಇಲ್ಲಿಯ ವೈರಿಂಗ್ ಪದ್ಧತಿಗೆ ಸಂಬಂಧಿಸಿದ ಗ್ಯಾಪ್ ಟ್ರೈನಿಂಗ್ ಮಾಡಿ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಮೇಲೆಯೇ ಸರ್ಟಿಫಿಕೇಟ್ 3 ಎಂಬ ಇಲ್ಲಿಯ ಪೂರ್ತಿ ಕಸುಬಿನ ಸರ್ಟಿಫಿಕೇಟ್. ಏಜೆಂಟರು ಇದನ್ನು ಬಿಡಿಸಿ ಹೇಳುವುದು ಕಡಿಮೆ. ‘ಅಸೆಸ್ಮೆಂಟ್ ಆಯ್ತು, ಇಳಿದ ದಿನದಿಂದಲೇ ಕೆಲಸ’ ಅನ್ನುವ ಮಾತು ನಂಬಬೇಡಿ.

ಗ್ಯಾಸಿನ ಲೈಸೆನ್ಸ್ ಇದರಿಂದ ಪೂರಾ ಬೇರೆ. ರೆಫ್ರಿಜರೆಂಟ್ ಮುಟ್ಟಲು ಆಸ್ಟ್ರೇಲಿಯನ್ ರೆಫ್ರಿಜರೇಶನ್ ಕೌನ್ಸಿಲ್ ಕೊಡುವ, ಎಲ್ಲರೂ ‘ಆರ್ಕ್‌ಟಿಕ್’ ಎನ್ನುವ ಲೈಸೆನ್ಸ್ ಬೇಕು. ಅದು ಇಡೀ ದೇಶಕ್ಕೆ ಒಂದೇ. ಒಂದೇ ಎಸಿ ಯೂನಿಟ್ಟಿನಲ್ಲಿ ತಾಮ್ರದ ಪೈಪಿಗೆ ಒಂದು ಕಾರ್ಡು, ವೈರಿಗೆ ಇನ್ನೊಂದು ಕಾರ್ಡು.

ಹೆಜ್ಜೆ 2: ಕೋರ್ಸಿಗೆ ಮೊದಲು ಕಂಪನಿ

ಇಲ್ಲಿ ಒಂದು ಸುಳಿ ಇದೆ. ಕಂಪನಿಯವರು ಲೈಸೆನ್ಸ್ ಇದ್ದರೆ ಬಾ ಅನ್ನುತ್ತಾರೆ. ಲೈಸೆನ್ಸಿನವರು ಕೆಲಸದಲ್ಲಿ ಮಾಡಿದ ಅನುಭವ ತೋರಿಸು ಅನ್ನುತ್ತಾರೆ. ಇದನ್ನು ಬಿಡಿಸುವ ದಾರಿ, ಒಳಗೇ ಟ್ರೈನಿಂಗ್ ಕೊಡಿಸುವ ಕಂಪನಿ ಹುಡುಕುವುದು. ಸ್ವಂತ ಎಲೆಕ್ಟ್ರಿಷಿಯನ್‌ಗಳಿರುವ ಮಧ್ಯಮ ಗಾತ್ರದ ಎಸಿ ಕಂಪನಿಗಳು, ದೊಡ್ಡ ಪ್ಲಂಬಿಂಗ್ ಸರ್ವಿಸ್ ಕಂಪನಿಗಳು, ಮೇಂಟೆನೆನ್ಸ್ ವಿಭಾಗ ಇರುವ ಫ್ಯಾಕ್ಟರಿಗಳು ಇದಕ್ಕೆ ಒಳ್ಳೆಯವು. ಒಬ್ಬನೇ ವ್ಯಾನ್ ಇಟ್ಟುಕೊಂಡು ನಡೆಸುವವರ ಹತ್ತಿರ ಕೆಲಸ ಸುಲಭವಾಗಿ ಸಿಗಬಹುದು, ಆದರೆ ಅಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲಲು ಎಲೆಕ್ಟ್ರಿಷಿಯನ್ ಇರುವುದಿಲ್ಲ.

ಇಂಟರ್‌ವ್ಯೂನಲ್ಲಿ ಸಂಬಳ ಕೇಳುವಷ್ಟೇ ನೇರವಾಗಿ ಮೂರು ವಿಷಯ ಕೇಳಿ. ನನಗೆ ರಿಸ್ಟ್ರಿಕ್ಟೆಡ್ ಮಾಡಿಸುತ್ತೀರಾ? ಮೇಲ್ವಿಚಾರಣೆ ಯಾರದು? ಕೋರ್ಸಿನ ದುಡ್ಡು ಯಾರು ಕಟ್ಟುತ್ತಾರೆ? ನಮ್ಮವರಿಗೆ ಹೀಗೆ ಕೇಳಲು ಸಂಕೋಚ. ಇಲ್ಲಿ ಕೇಳದಿದ್ದರೇ ವಿಚಿತ್ರವಾಗಿ ನೋಡುತ್ತಾರೆ.

ಹೆಜ್ಜೆ 3: ಟ್ರೈನಿಂಗ್ ಪರ್ಮಿಟ್

ಕಲಿಯುವಾಗಲೂ ನೀವು ಮುಟ್ಟುವುದು ನಿಜವಾದ ವೈರೇ. ಅದಕ್ಕೇ ಕ್ವೀನ್ಸ್‌ಲ್ಯಾಂಡಿನಲ್ಲಿ ಟ್ರೈನಿಂಗ್ ಪರ್ಮಿಟ್ ಎಂಬುದಿದೆ. ಕೈಕೆಲಸ ಶುರು ಮಾಡುವ ಮೊದಲು ಇದಕ್ಕೆ ಅರ್ಜಿ ಹಾಕಬೇಕು. ಪರ್ಮಿಟ್ ಇಲ್ಲದ ದಿನಗಳಲ್ಲಿ ಮಾಡಿದ ಕೆಲಸವನ್ನು ಅನುಭವ ಅಂತ ತೋರಿಸಿದರೆ, ಲೈಸೆನ್ಸ್ ಇಲ್ಲದೆ ಎಲೆಕ್ಟ್ರಿಕಲ್ ಕೆಲಸ ಮಾಡಿದ್ದೇನೆ ಅಂತ ನೀವೇ ಬರೆದುಕೊಟ್ಟಂತೆ. ಊರಿನ ಅನುಭವಕ್ಕೆ ಈ ಭಯ ಇಲ್ಲ, ಅದು ಬೇರೆ ದೇಶದ್ದು.

ಪರ್ಮಿಟ್ ಇದೆ ಅಂದಮಾತ್ರಕ್ಕೆ ಒಬ್ಬರೇ ಹೋಗಿ ಕೆಲಸ ಮಾಡುವಂತಿಲ್ಲ. ಲೈಸೆನ್ಸ್ ಇರುವವರ ಮೇಲ್ವಿಚಾರಣೆ ಕಡ್ಡಾಯ.

ಹೆಜ್ಜೆ 4: ಕೋರ್ಸ್

ಕೋರ್ಸನ್ನು ಸರ್ಕಾರಿ ಟೇಫ್ ಕಾಲೇಜಿನಲ್ಲಿ ಅಥವಾ ನೋಂದಾಯಿತ ಖಾಸಗಿ ಟ್ರೈನಿಂಗ್ ಸಂಸ್ಥೆಯಲ್ಲಿ ಮಾಡಬಹುದು. ಸೇರುವ ಮೊದಲು ಯುಎಸ್ಐ ಎಂಬ ವಿದ್ಯಾರ್ಥಿ ನಂಬರ್ ಮಾಡಿಸಿಕೊಳ್ಳಿ. ಅದಿಲ್ಲದೆ ಸರ್ಟಿಫಿಕೇಟ್ ಕೊಡುವುದಿಲ್ಲ.

ಪಾಠದಲ್ಲಿ ಮುಖ್ಯವಾಗಿ ಎರಡು ಯೂನಿಟ್ ಗಮನಿಸಿ. ಯುಇಇಆರ್‌ಎಲ್0004 ಬಿಚ್ಚಿ ಕಟ್ಟುವುದಕ್ಕೆ. ಯುಇಇಆರ್‌ಎಲ್0005 ಫಾಲ್ಟ್ ಹುಡುಕಿ ಸರಿಪಡಿಸುವುದಕ್ಕೆ. ಸುರಕ್ಷತೆಯ ಪಾಠ ಇವುಗಳ ಜೊತೆಗೇ ಬರುತ್ತದೆ. ಸುಮ್ನೆ ‘ರಿಸ್ಟ್ರಿಕ್ಟೆಡ್ ಕೋರ್ಸ್’ ಅಂತ ಹೆಸರು ನೋಡಿ ಸೇರಬೇಡಿ. ನಿಮಗೆ ಫಾಲ್ಟ್ ಹುಡುಕುವ ಅನುಮತಿಯೂ ಬೇಕಿದ್ದರೆ ಆ ಯೂನಿಟ್ ಪಟ್ಟಿಯಲ್ಲಿ ಇದೆಯೇ ನೋಡಿ. ಕ್ವೀನ್ಸ್‌ಲ್ಯಾಂಡ್ ಒಪ್ಪುವ ಕೋರ್ಸೇ ಎಂದೂ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಬೇರೆ ರಾಜ್ಯದ ಸಂಸ್ಥೆಗಳು ಆನ್‌ಲೈನಿನಲ್ಲಿ ಅಗ್ಗಕ್ಕೆ ಮಾರುತ್ತವೆ. ಅಗ್ಗದ ಕೋರ್ಸು ಇಲ್ಲಿ ನಡೆಯದಿದ್ದರೆ ಎರಡು ಸಲ ದುಡ್ಡು ಕಟ್ಟಿದಂತೆ.

ಸಿಪಿಆರ್ ಮತ್ತು ಕರೆಂಟ್ ಹಿಡಿದವರನ್ನು ಪ್ಯಾನೆಲ್ಲಿನಿಂದ ಬಿಡಿಸುವ ತರಬೇತಿಯನ್ನೂ ಮಾಡಿಸುತ್ತಾರೆ. ಇವೆರಡನ್ನೂ ವರ್ಷಕ್ಕೊಮ್ಮೆ ಹೊಸದು ಮಾಡಿಕೊಳ್ಳುವುದು ಇಲ್ಲಿಯ ರೂಢಿ.

ನಮ್ಮೂರ ಕೈ ತಡವರಿಸುವ ಜಾಗ: ಬಣ್ಣ

ನಮ್ಮಲ್ಲಿ ಮೂರು ಫೇಸಿಗೆ ಕೆಂಪು, ಹಳದಿ, ನೀಲಿ. ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು. ಆಸ್ಟ್ರೇಲಿಯಾದ ಗೋಡೆಯೊಳಗಿನ ಮೂರು ಫೇಸ್ ವೈರಿಂಗಿನಲ್ಲಿ ಕೆಂಪು, ಬಿಳಿ, ಕಡು ನೀಲಿ. ಹೌದು, ಬಿಳಿ ಇಲ್ಲಿ ಫೇಸ್. ನ್ಯೂಟ್ರಲ್ ಕಪ್ಪು. ಅದೇ ಯಂತ್ರದಿಂದ ಹೊರಬರುವ ಬಳ್ಳಿಯಂಥ ಫ್ಲೆಕ್ಸಿಬಲ್ ವೈರಿನಲ್ಲಿ ಕಂದು ಫೇಸ್, ತಿಳಿ ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ತ್.

ಈಗ ಒಂದೇ ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಗೋಡೆಯಿಂದ ಬಂದ ಕಡು ನೀಲಿ ಫೇಸ್. ಫ್ಲೆಕ್ಸಿಬಲ್ ವೈರಿನಿಂದ ಬಂದ ತಿಳಿ ನೀಲಿ ನ್ಯೂಟ್ರಲ್. ಬಿಸಿಲಿಗೆ ಒಣಗಿ, ಧೂಳು ಹಿಡಿದು ಎರಡರ ಬಣ್ಣವೂ ಒಂದೇ ಥರ ಕಾಣುತ್ತದೆ. ಅದಕ್ಕೇ ಬಣ್ಣ ನೋಡಿ ತೀರ್ಮಾನ ಮಾಡಬಾರದು, ಮೀಟರ್ ಹಿಡಿದು ಮಾಡಬೇಕು. ಬಿಚ್ಚುವ ಮೊದಲು ಫೋಟೋ, ಆಮೇಲೆ ಪ್ರತಿ ವೈರಿಗೂ ಟೇಪಿನ ಗುರುತು.

ಮೂರು ಫೇಸಿನ ಗುರುತು ತಪ್ಪಿ ಎರಡು ಅದಲುಬದಲಾದರೆ ಮೋಟಾರ್ ಹಿಂದುಮುಂದಾಗಿ ತಿರುಗುತ್ತದೆ. ಸ್ಕ್ರಾಲ್ ಕಂಪ್ರೆಸರ್ ಆದರೆ ಗರಗರ ಸದ್ದು ಮಾಡುತ್ತದೆ, ಗ್ಯಾಸ್ ಮಾತ್ರ ಒತ್ತುವುದಿಲ್ಲ. ಫೇಸೂ ಅರ್ತೂ ಅದಲುಬದಲಾದರೆ ಯಂತ್ರದ ತಗಡಿಗೇ 230 ವೋಲ್ಟ್ ಬರುತ್ತದೆ. ಕೋರ್ಸಿನಲ್ಲಿ ನಿಮ್ಮ ಕೆಲಸ ಪರೀಕ್ಷಿಸುವ ಅಸೆಸರ್ ಇದೊಂದರಲ್ಲಿ ಕನಿಕರ ತೋರುವುದಿಲ್ಲ.

ಸತ್ತಿದೆ ಎಂದು ಸಾಬೀತು ಮಾಡುವುದು

ಕ್ವೀನ್ಸ್‌ಲ್ಯಾಂಡಿನಲ್ಲಿ ಕರೆಂಟ್ ಇರುವಾಗಲೇ ಕೆಲಸ ಮಾಡುವುದಕ್ಕೆ ನಿಷೇಧ ಇದೆ. ಅಳತೆ ತೆಗೆಯುವಂಥ ಕೆಲವೇ ಸಂದರ್ಭಕ್ಕೆ ವಿನಾಯಿತಿ, ಅದಕ್ಕೂ ಷರತ್ತು. ಹಾಗಾಗಿ ಕೋರ್ಸಿನ ಪ್ರಾಣ ಇರುವುದು ‘ಟೆಸ್ಟ್ ಫಾರ್ ಡೆಡ್’, ಅಂದರೆ ವೈರು ಸತ್ತಿದೆ, ಅದರಲ್ಲಿ ಕರೆಂಟ್ ಇಲ್ಲ ಎಂದು ಅಳೆದು ಖಾತ್ರಿ ಮಾಡಿಕೊಳ್ಳುವ ಅಭ್ಯಾಸದಲ್ಲಿ. ಫೇಲಾಗುವವರು ಹೆಚ್ಚಾಗಿ ಇಲ್ಲೇ ಫೇಲಾಗುತ್ತಾರೆ, ಅದೂ ಗೊತ್ತಿಲ್ಲದೆ ಅಲ್ಲ, ಅವಸರದಿಂದ.

ಕ್ರಮ ಹೀಗೆ. ಬೋರ್ಡಿನಲ್ಲಿ ಸರಿಯಾದ ಬ್ರೇಕರ್ ಹುಡುಕಿ ಆಫ್ ಮಾಡಿ. ಅದಕ್ಕೆ ನಿಮ್ಮ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. ನಿಮ್ಮ ಹೆಸರಿನ ಡೇಂಜರ್ ಟ್ಯಾಗ್ ತಗುಲಿಸಿ. ನಂತರ ಮೀಟರನ್ನು ಕರೆಂಟ್ ಇದೆ ಅಂತ ಖಚಿತವಾಗಿ ಗೊತ್ತಿರುವ ಜಾಗದಲ್ಲಿ ಹಿಡಿದು, ಅದು ಸರಿಯಾಗಿ ತೋರಿಸುತ್ತಿದೆಯೇ ನೋಡಿ. ಆಮೇಲೆ ಕೆಲಸದ ಜಾಗದಲ್ಲಿ ಅಳೆಯಿರಿ. ಮುಗಿದ ಮೇಲೆ ಮತ್ತೆ ಕರೆಂಟ್ ಇರುವ ಜಾಗಕ್ಕೆ ಹೋಗಿ ಮೀಟರ್ ಇನ್ನೂ ಬದುಕಿದೆಯೇ ನೋಡಿ. ಅಳೆಯುವ ಹೊತ್ತಿಗೆ ಪ್ರೋಬಿನ ವೈರು ಒಳಗೇ ತುಂಡಾಗಿದ್ದರೆ ಎಲ್ಲ ಕಡೆಯೂ ಸೊನ್ನೆ ತೋರಿಸಿರುತ್ತದೆ, ಅಲ್ವಾ?

ಎಲ್ಲೆಲ್ಲಿ ಅಳೆಯಬೇಕು? ಸಿಂಗಲ್ ಫೇಸಿನಲ್ಲಿ ಮೂರು: ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್. ಮೂರು ಫೇಸಿನಲ್ಲಿ ಹತ್ತು. ಫೇಸುಗಳ ನಡುವೆ ಮೂರು, ಪ್ರತಿ ಫೇಸಿನಿಂದ ನ್ಯೂಟ್ರಲ್ಲಿಗೆ ಮೂರು, ಅರ್ತಿಗೆ ಮೂರು, ಕೊನೆಗೆ ನ್ಯೂಟ್ರಲ್-ಅರ್ತ್ ಒಂದು. ಅಸೆಸರ್ ಎದುರು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳುತ್ತಾ ಅಳೆಯಿರಿ. ಮನಸ್ಸಿನಲ್ಲಿ ಎಣಿಸಿದ್ದು ಅವರಿಗೆ ಕಾಣುವುದಿಲ್ಲ. ಹತ್ತಿರ ಹಿಡಿದರೆ ಬೀಪ್ ಎನ್ನುವ ಪೆನ್ ಟೆಸ್ಟರ್ ಒಂದನ್ನೇ ನಂಬಿ ಸತ್ತಿದೆ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಸತ್ತಂತೆ ನಟಿಸುವ ಕೆಲವು ಜಾಗಗಳನ್ನು ನೆನಪಿಡಿ.

ಬಿಸಿನೀರಿನ ಟ್ಯಾಂಕ್. ಕ್ವೀನ್ಸ್‌ಲ್ಯಾಂಡಿನ ಬಹಳಷ್ಟು ಮನೆಗಳಲ್ಲಿ ಟ್ಯಾಂಕ್ ಟ್ಯಾರಿಫ್ 31 ಅಥವಾ 33ರ ಮೇಲೆ ಓಡುತ್ತದೆ. ಇವು ಅಗ್ಗದ ದರದವು, ಆದರೆ ಕರೆಂಟ್ ಯಾವಾಗ ಬರಬೇಕು ಎಂಬುದನ್ನು ವಿದ್ಯುತ್ ಜಾಲದವರು ದೂರದಿಂದಲೇ ನಿಯಂತ್ರಿಸುತ್ತಾರೆ. ನೀವು ಹೋಗಿ ಅಳೆದಾಗ ಸೊನ್ನೆ ಇರಬಹುದು. ಬ್ರೇಕರ್ ಆಫ್ ಆಗಿರುವುದರಿಂದಲ್ಲ, ಆ ಹೊತ್ತಿಗೆ ಸಪ್ಲೈ ಇಲ್ಲದಿರುವುದರಿಂದ. ನೀವು ತಪ್ಪು ಬ್ರೇಕರಿಗೆ ಬೀಗ ಹಾಕಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಯಾರೂ ಏನೂ ಮುಟ್ಟದೆಯೇ ಅದು ಮತ್ತೆ ಜೀವ ಪಡೆಯುತ್ತದೆ. ಇಲ್ಲಿ ಸೊನ್ನೆ ಕಂಡರೆ ಸಾಲದು, ಬೀಗ ಹಾಕಿದ ಬ್ರೇಕರ್ ಈ ಟ್ಯಾಂಕಿನದೇ ಎಂಬ ಖಾತ್ರಿಯೂ ಬೇಕು.

ಐಸೊಲೇಟರ್. ಎಸಿಯ ಹೊರಗಿನ ಯೂನಿಟ್ ಪಕ್ಕ ಗೋಡೆಯ ಮೇಲಿರುವ ಸ್ವಿಚ್ ಆಫ್ ಮಾಡಿದರೆ ಯೂನಿಟ್ ಸತ್ತಿತು, ನಿಜ. ಆದರೆ ಐಸೊಲೇಟರಿನ ಮುಚ್ಚಳ ತೆಗೆದರೆ ಒಳಬರುವ ಬದಿಯ ಟರ್ಮಿನಲ್ಲಿನಲ್ಲಿ 230 ವೋಲ್ಟ್ ಹಾಗೇ ಕಾದಿರುತ್ತದೆ. ಅದರೊಳಗೆ ಕೈ ಹಾಕುವುದಿದ್ದರೆ ಬೋರ್ಡಿನಲ್ಲೇ ಆಫ್ ಮಾಡಬೇಕು.

ಇನ್ವರ್ಟರ್ ಎಸಿ. ಪವರ್ ತೆಗೆದ ಮೇಲೂ ಯೂನಿಟ್ಟಿನೊಳಗಿನ ಸರ್ಕ್ಯೂಟ್ ಬೋರ್ಡಿನ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ಡಿಸಿ ನಿಂತಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ತಯಾರಕರು ಮುಚ್ಚಳದ ಒಳಗೆ ಬರೆದಿರುತ್ತಾರೆ. ಕಾದ ಮೇಲೂ ಡಿಸಿ ರೇಂಜಿನಲ್ಲಿ ಅಳೆದು ನೋಡಿ. ಮೀಟರ್ ಎಸಿ ಕರೆಂಟಿನ ರೇಂಜಿನಲ್ಲೇ ಉಳಿದಿದ್ದರೆ ಆ ಡಿಸಿ ಕಣ್ಣಿಗೆ ಬೀಳದೇ ಹೋಗಬಹುದು.

ಕಟ್ಟಿದ ಮೇಲಿನ ಟೆಸ್ಟ್

ಕಟ್ಟಿ, ಸ್ವಿಚ್ ಹಾಕಿ, ‘ಓಡ್ತಿದೆ ಸರ್’ ಎಂದು ಹೊರಡುವುದು ಊರಿನ ರೂಢಿ. ಇಲ್ಲಿ ಪವರ್ ಕೊಡುವ ಮೊದಲೇ ಟೆಸ್ಟ್. ಅರ್ತ್ ಸರಿಯಾಗಿ ಜೋಡಣೆಯಾಗಿದೆಯೇ, ವೈರಿನ ಇನ್ಸುಲೇಶನ್ ಗಟ್ಟಿಯಾಗಿದೆಯೇ, ಪೊಲಾರಿಟಿ ಸರಿಯೇ, ಅಂದರೆ ಫೇಸ್ ಮತ್ತು ನ್ಯೂಟ್ರಲ್ ತಮ್ಮ ತಮ್ಮ ಜಾಗದಲ್ಲೇ ಇವೆಯೇ.

ಇನ್ಸುಲೇಶನ್ ಟೆಸ್ಟ್ ಸಾಮಾನ್ಯವಾಗಿ 500 ವೋಲ್ಟ್ ಡಿಸಿಯಲ್ಲಿ. ಎಎಸ್/ಎನ್‌ಝಡ್‌ಎಸ್ 3000 ಎಂಬ ವೈರಿಂಗ್ ರೂಲ್ಸ್ ಪ್ರಕಾರ ಕನಿಷ್ಠ 1 ಮೆಗಾಓಮ್ ಬರಬೇಕು. ಬಿಸಿನೀರಿನ ಎಲಿಮೆಂಟಿನಂಥ ಕವಚವಿರುವ ಹೀಟರಿಗೆ ಮಾತ್ರ 0.01 ಮೆಗಾಓಮ್‌ವರೆಗೆ ರಿಯಾಯಿತಿ ಇದೆ. ಇನ್ವರ್ಟರ್ ಎಸಿಯ ಮೇಲೆ ಕಣ್ಣುಮುಚ್ಚಿ 500 ವೋಲ್ಟ್ ಹಾಯಿಸಬೇಡಿ. ಸರ್ಜ್ ತಡೆಯುವ ಬಿಡಿಭಾಗಗಳಿಂದ ರೀಡಿಂಗ್ ಸುಳ್ಳಾಗಬಹುದು, ಸರ್ಕ್ಯೂಟ್ ಬೋರ್ಡೇ ಹೋಗಲೂಬಹುದು. ಆ ಬೋರ್ಡ್ ಬಿಡಿಸಿ ಟೆಸ್ಟ್ ಮಾಡಿ, ಇಲ್ಲವೇ ತಯಾರಕರು ಹೇಳಿದ ಕಡಿಮೆ ವೋಲ್ಟೇಜ್ ಬಳಸಿ. ‘ಯಾಕೆ ಕಡಿಮೆ?’ ಎಂದು ಅಸೆಸರ್ ಕೇಳಿದಾಗ ಕಾರಣ ಹೇಳಲು ಬರಬೇಕು.

ಹೆಜ್ಜೆ 5: ಲಾಗ್‌ಬುಕ್

ಮೇಲ್ವಿಚಾರಣೆಯಲ್ಲಿ ಮಾಡಿದ ಪ್ರತಿ ಕೆಲಸವನ್ನೂ ಬರೆದಿಡಬೇಕು. ತಾರೀಖು, ಜಾಗ, ಯಾವ ಯಂತ್ರ, ಸಿಂಗಲ್ ಫೇಸೋ ಮೂರು ಫೇಸೋ, ಏನು ಮಾಡಿದಿರಿ, ಟೆಸ್ಟಿನ ಅಂಕಿ ಎಷ್ಟು, ಮೇಲ್ವಿಚಾರಕರ ಸಹಿ ಮತ್ತು ಅವರ ಲೈಸೆನ್ಸ್ ನಂಬರ್. ಆವತ್ತಿನದು ಆವತ್ತೇ ಬರೆಯಿರಿ, ಸಹಿ ಅದೇ ವಾರ ಹಾಕಿಸಿಕೊಳ್ಳಿ. ನಾಳೆ ಆ ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಇನ್ನೊಂದು ಊರಿಗೆ ಹೋದರೆ ಸಹಿ ಎಲ್ಲಿಂದ ತರುತ್ತೀರಿ?

‘ಎಸಿ ರಿಪೇರಿ ಮಾಡಿದೆ’ ಅನ್ನುವಂಥ ಸಾಲು ಯಾವ ಕೆಲಸಕ್ಕೂ ಬಾರದು. ಹೀಗೆ ಬರೆಯಿರಿ: ‘ಸಿಂಗಲ್ ಫೇಸ್ ಸ್ಪ್ಲಿಟ್ ಎಸಿ. ಬೋರ್ಡಿನಲ್ಲಿ ಆಫ್, ಬೀಗ, ಟ್ಯಾಗ್. ಟೆಸ್ಟ್ ಫಾರ್ ಡೆಡ್ ಮಾಡಿದೆ. ಹೊರಗಿನ ಫ್ಯಾನ್ ಮೋಟಾರಿನ ವೈಂಡಿಂಗ್ ಓಪನ್ ಇತ್ತು. ಅದೇ ಮಾದರಿಯದು ಹಾಕಿದೆ. ಅರ್ತ್ ಮತ್ತು ಇನ್ಸುಲೇಶನ್ ಅಳತೆ ಇಷ್ಟಿಷ್ಟು.’ ಇಂಗ್ಲಿಷ್ ವ್ಯಾಕರಣ ತಪ್ಪಿದ್ದರೂ ಪರವಾಗಿಲ್ಲ, ಅಂಕಿ ತಪ್ಪಬಾರದು.

ಇನ್ನೊಂದು ಜಾಣತನ: ಮುಂದೆ ಯಾವ ಯಾವ ಯಂತ್ರದ ಕೆಲಸಕ್ಕೆ ಲೈಸೆನ್ಸ್ ಬೇಕೋ ಅವೆಲ್ಲ ಲಾಗ್‌ಬುಕ್ಕಿನಲ್ಲಿ ಕಾಣಿಸಲಿ. ಬರೀ ಮನೆ ಎಸಿಗಳನ್ನೇ ಬರೆದು, ಆಮೇಲೆ ಅಂಗಡಿಯ ಮೂರು ಫೇಸ್ ಕೋಲ್ಡ್ ರೂಮ್ ಕೆಲಸಕ್ಕೂ ಅನುಮತಿ ಬೇಕು ಅಂದರೆ ಆಧಾರ ಇರುವುದಿಲ್ಲ.

ಹೆಜ್ಜೆ 6: ಅರ್ಜಿ

ಇದು ಸಣ್ಣ ಹೆಜ್ಜೆ. ಗುರುತಿನ ದಾಖಲೆ, ಕಸುಬಿನ ಸರ್ಟಿಫಿಕೇಟ್, ಕೋರ್ಸಿನ ಸ್ಟೇಟ್‌ಮೆಂಟ್ ಆಫ್ ಅಟೈನ್ಮೆಂಟ್ (ಪಾಸಾದ ಯೂನಿಟ್ಟುಗಳ ಕಾಗದ), ಸಿಪಿಆರ್ ಮತ್ತು ರೆಸ್ಕ್ಯೂ ತರಬೇತಿಯ ಕಾಗದ, ಸಹಿಯಾದ ಲಾಗ್‌ಬುಕ್, ಕಂಪನಿಯ ಪತ್ರ. ಫೀಸು ಆಗಾಗ ಬದಲಾಗುತ್ತದೆ, ಎಲೆಕ್ಟ್ರಿಕಲ್ ಸೇಫ್ಟಿ ಆಫೀಸಿನ ತಾಣದಲ್ಲಿ ಆ ದಿನದ ಮೊತ್ತ ನೋಡಿ ಕಟ್ಟಿ.

ಎಲ್ಲ ಕಾಗದದಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮವರಿಗೆ ಇದೇ ದೊಡ್ಡ ತಲೆನೋವು. ಐಟಿಐ ಕಾಗದದಲ್ಲಿ ಇನಿಶಿಯಲ್ ಮೊದಲು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಕೊನೆಗೆ, ಕೋರ್ಸಿನಲ್ಲಿ ಊರಿನ ಹೆಸರೇ ಸರ್‌ನೇಮ್. ಪಾಸ್‌ಪೋರ್ಟಿನಂತೆಯೇ ಎಲ್ಲ ಕಡೆ ಬರೆಸಿ. ಹಳೆಯದು ಬೇರೆ ಇದ್ದರೆ ಎರಡೂ ಒಬ್ಬರೇ ಎಂಬ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಕಂಪನಿಯ ಪತ್ರದಲ್ಲಿ ನಿಮ್ಮ ಕೆಲಸ ಏನು, ಅದಕ್ಕೆ ಯಾವ ಎಲೆಕ್ಟ್ರಿಕಲ್ ಕೆಲಸ ಯಾಕೆ ಬೇಕು ಎಂದು ಬಿಡಿಸಿ ಬರೆಸಿ. ‘ಒಳ್ಳೆಯ ಹುಡುಗ, ಪ್ರಾಮಾಣಿಕ’ ಎಂಬ ಹೊಗಳಿಕೆ ಅಲ್ಲಿ ಬೇಡ.

ಕಾರ್ಡು ಕೈಗೆ ಬಂದ ಮೇಲೆ

ಮೊದಲು ಅದರ ಮೇಲಿನ ಷರತ್ತನ್ನು ಅಕ್ಷರಕ್ಷರ ಓದಿ. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟಿರಬಹುದು. ಆ ಸಾಲನ್ನು ಫೋಟೋ ತೆಗೆದು ಬಾಸ್‌ಗೂ ಕಳಿಸಿ. ಡ್ಯೂಟಿ ಹಂಚುವವರಿಗೆ ಲೈಸೆನ್ಸ್ ಇದೆ ಅಂತಷ್ಟೇ ನೆನಪಿರುತ್ತದೆ, ಎಷ್ಟಕ್ಕೆ ಇದೆ ಅನ್ನುವುದು ಮರೆತುಹೋಗುತ್ತದೆ.

ಲೈಸೆನ್ಸಿನ ಅವಧಿ ಗರಿಷ್ಠ 5 ವರ್ಷ. ಅದಕ್ಕೂ ಮೊದಲೇ ನವೀಕರಿಸಿ. ಮನೆ ಬದಲಿಸಿದರೆ ವಿಳಾಸವನ್ನೂ ಬದಲಿಸಿ, ಯಾಕಂದರೆ ನವೀಕರಣದ ನೆನಪೋಲೆ ಹಳೆಯ ವಿಳಾಸಕ್ಕೆ ಹೋಗಿ ಕೂರುತ್ತದೆ.

ಸ್ವಂತ ಬಿಸಿನೆಸ್ ಯೋಚನೆ ಇದ್ದರೆ ಈ ಕಾರ್ಡು ಸಾಲದು. ಇದು ನೀವು ಕೈಯಾರೆ ಕೆಲಸ ಮಾಡಲು ಕೊಟ್ಟ ಅನುಮತಿ. ಗಿರಾಕಿಯ ಹತ್ತಿರ ಕಾಂಟ್ರಾಕ್ಟ್ ಹಿಡಿಯಲು ಬೇಕಾದ ಲೈಸೆನ್ಸುಗಳು ಬೇರೆ. ಎಲೆಕ್ಟ್ರಿಕಲ್ ಬದಿಯದನ್ನು ಎಲೆಕ್ಟ್ರಿಕಲ್ ಸೇಫ್ಟಿ ಆಫೀಸಿನಲ್ಲಿ, ಕಟ್ಟಡದ ಬದಿಯದನ್ನು ಕ್ವೀನ್ಸ್‌ಲ್ಯಾಂಡ್ ಬಿಲ್ಡಿಂಗ್ ಆ್ಯಂಡ್ ಕನ್‌ಸ್ಟ್ರಕ್ಷನ್ ಕಮಿಷನ್‌ನಲ್ಲಿ ಕೇಳಿ ತಿಳಿದುಕೊಂಡೇ ವ್ಯಾನಿನ ಮೇಲೆ ಹೆಸರು ಬರೆಸಿ.

ಬೇರೆ ರಾಜ್ಯ, ಪಕ್ಕದ ದೇಶ

ಕನ್ನಡಿಗರು ಹೆಚ್ಚಾಗಿರುವ ಮೆಲ್ಬರ್ನ್ ವಿಕ್ಟೋರಿಯಾ ರಾಜ್ಯಕ್ಕೆ ಸೇರಿದ್ದು. ಅಲ್ಲಿ ಕೇಳಬೇಕಾದದ್ದು ಎನರ್ಜಿ ಸೇಫ್ ವಿಕ್ಟೋರಿಯಾವನ್ನು. ಅಲ್ಲಿ ರಿಸ್ಟ್ರಿಕ್ಟೆಡ್ ಲೈಸೆನ್ಸಿನಲ್ಲೇ ದರ್ಜೆಗಳಿವೆ. ಪರ್ತ್ ಇರುವ ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಬಿಲ್ಡಿಂಗ್ ಆ್ಯಂಡ್ ಎನರ್ಜಿ ವಿಭಾಗ. ಒಂದು ರಾಜ್ಯದ ಲೈಸೆನ್ಸ್ ಇದ್ದವರು 1992ರ ಮ್ಯೂಚುಯಲ್ ರೆಕಗ್ನಿಶನ್ ಕಾಯ್ದೆಯಡಿ ಇನ್ನೊಂದು ರಾಜ್ಯದಲ್ಲಿ ಅದಕ್ಕೆ ಸಮನಾದದ್ದನ್ನು ಕೇಳಬಹುದು. ಸಮನಾದದ್ದು ಅಷ್ಟೇ. ನಿಮ್ಮ ಕಾರ್ಡಿನಲ್ಲಿ ಫಾಲ್ಟ್ ಹುಡುಕುವ ಅನುಮತಿ ಇಲ್ಲದಿದ್ದರೆ ಗಡಿ ದಾಟಿದ ಮೇಲೂ ಅದು ಬರುವುದಿಲ್ಲ.

ನ್ಯೂಜಿಲೆಂಡಿನ ಪದ್ಧತಿ ಬೇರೆ. ಅಲ್ಲಿ ಎಲೆಕ್ಟ್ರಿಕಲ್ ವರ್ಕರ್ಸ್ ರಿಜಿಸ್ಟ್ರೇಶನ್ ಬೋರ್ಡ್ ಇಡೀ ದೇಶಕ್ಕೆ ಒಂದೇ. ಇಂಥ ಕೆಲಸಕ್ಕೆ ಎಲೆಕ್ಟ್ರಿಕಲ್ ಸರ್ವಿಸ್ ಟೆಕ್ನಿಷಿಯನ್ ಎಂಬ ವರ್ಗ ಇದೆ. ಎರಡು ದೇಶಗಳ ನಡುವೆ 1997ರ ಟ್ರಾನ್ಸ್-ಟ್ಯಾಸ್ಮನ್ ಮ್ಯೂಚುಯಲ್ ರೆಕಗ್ನಿಶನ್ ಕಾಯ್ದೆ ಇರುವುದರಿಂದ ಆಕ್ಲೆಂಡಿನಲ್ಲಿ ರಿಜಿಸ್ಟರ್ ಆದವರು ಬ್ರಿಸ್ಬೇನಿಗೆ ಬರುವುದಿದ್ದರೆ ಮೊದಲು ಆ ದಾರಿಯನ್ನೇ ವಿಚಾರಿಸಿ. ಕೋರ್ಸಿಗೆ ದುಡ್ಡು ಕಟ್ಟುವ ಅಗತ್ಯವೇ ಬೀಳದಿರಬಹುದು.